ಹಲಗೆ ಮಹಡಿಯ ವಿಶೇಷ ತರಗತಿ

ಮೊಮ್ಮಕ್ಕಳೇ, ನಿಮ್ಮ ಅತ್ತೆಗೆ ಅಕ್ಷರ ಕಲಿಸಿದವರು ಯಾರು ಎಂದು ಮೊನ್ನೆ ಊಟದ ಹೊತ್ತಿನಲ್ಲಿ ಕೇಳಿದಿರಿ. ನಾನು ಸಾರು ಬಡಿಸುತ್ತಾ ಸುಮ್ಮನಾದೆ. ನಾಲ್ಕು ಜನ ಸೇರಿದ ಕಡೆ ನನ್ನ ಬಾಯಿ ತೆರೆಯುವುದಿಲ್ಲ ಎಂಬುದು ನಿಮಗೇ ಗೊತ್ತು. ಬರೆಯುವಾಗ ಎದುರಿಗೆ ಯಾರೂ ಕೂತಿರುವುದಿಲ್ಲ, ಹಾಗಾಗಿ ಈಗ ಹೇಳುತ್ತೇನೆ. ಕಲಿಸಿದವರು ನಾವು ಎಂದು ಹೇಳಿಕೊಂಡು ತಿರುಗಿದವರು ಮಧುಗಿರಿಯಲ್ಲಿ ಬೇಕಾದಷ್ಟು ಜನರಿದ್ದರು. ಅವರೆಲ್ಲ ಆ ಮಗುವಿನ ಬಾಯಿ ತೆರೆಸಿ ನೋಡಿದವರು. ಮುಖ ನೋಡಿದವರು ಕಡಿಮೆ.

ನಾನು ಕೊಡಿಗೇನಹಳ್ಳಿ ಕಡೆಯ ಒಂದು ಹಳ್ಳಿಯವಳು. ಅಲ್ಲಿನ ಗುಡಿಯ ಜಗಲಿಯ ಮೇಲೆ ನಡೆಯುತ್ತಿದ್ದ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿ, ಮಧುಗಿರಿಯ ಪೇಟೆ ಬೀದಿಗೆ ಸೊಸೆಯಾಗಿ ಬಂದೆ. ನಿಮ್ಮ ತಾತ ಆ ಬೀದಿಯಲ್ಲಿ ಹುಣಸೆಹಣ್ಣು, ಕಡಲೆಕಾಯಿಯ ಮಂಡಿ ಇಟ್ಟಿದ್ದರು. ಕೆಳಗೆ ಮಂಡಿ, ಹಿಂದೆ ಕಲ್ಲುಚಪ್ಪಡಿಯ ಅಂಗಳ, ಮೇಲೆ ಮರದ ಹಲಗೆ ಹಾಸಿದ ಅಟ್ಟ. ಈ ಕಲ್ಲು ಮತ್ತು ಹಲಗೆಯನ್ನು ನೆನಪಿಟ್ಟುಕೊಳ್ಳಿ. ಇಡೀ ಊರು ಮೋಸ ಹೋದದ್ದು ಇವೆರಡರ ವ್ಯತ್ಯಾಸ ತಿಳಿಯದೆ.

ನಿಮ್ಮ ಅತ್ತೆ ನನ್ನ ಮೊದಲ ಮಗು. ಓಡಾಡುವ ವಯಸ್ಸಾದರೂ ಅವಳಿಗೆ ಮಾತು ಬರಲಿಲ್ಲ. ನನ್ನ ಅತ್ತೆ, ಅಂದರೆ ನಿಮ್ಮ ತಾತನ ತಾಯಿ, ಇದಕ್ಕೆ ಕಾರಣವನ್ನು ಒಂದೇ ದಿನದಲ್ಲಿ ಕಂಡುಹಿಡಿದರು. ಕಾರಣ ನಾನು.

"ತಾಯಿನೇ ಬಾಯ್ಬುಡಲ್ಲ, ಇನ್ನು ಮಗಾ ಹೆಂಗೆ ಬಾಯ್ಬುಟ್ಟಾತು? ಹಾಲಲ್ಲೇ ಮೂಕತನ ಕುಡ್ಸವ್ಳೆ ಇವ್ಳು" ಎಂದು ಅವರು ಬೀದಿಯ ಹೆಂಗಸರನ್ನೆಲ್ಲ ಕೂರಿಸಿಕೊಂಡು ತೀರ್ಪು ಕೊಟ್ಟರು. ಹೆಂಗಸರು ಹೌದು ಹೌದು ಎಂದರು. ಅಂದಿನಿಂದ ನನಗೆ ಒಂದು ಕೆಲಸ ಹೆಚ್ಚಾಯಿತು. ಹುಣಸೆಹಣ್ಣು ಜಜ್ಜಿ ಬೀಜ ಬಿಡಿಸುವಾಗಲೆಲ್ಲ ಮಗುವಿನ ಎದುರು ಕೂತು ಗಟ್ಟಿಯಾಗಿ ಮಾತಾಡಬೇಕು. ಏನು ಮಾತಾಡಬೇಕೋ ತಿಳಿಯದೆ ನಾನು ಮಗ್ಗಿ ಹೇಳುತ್ತಿದ್ದೆ. ನಾನು ನಿಲ್ಲಿಸಿದರೆ ಅತ್ತೆ ಒಳಗಿನಿಂದ ಕೂಗುತ್ತಿದ್ದರು: "ಯಾಕಮ್ಮಣ್ಣಿ, ಬಾಯಿ ನೋಯ್ತದಾ?"

ಆಮೇಲೆ ನಾಲಿಗೆಯ ವೈದ್ಯ ಶುರುವಾಯಿತು. ಬಜೆ ತೇಯ್ದು ನಾಲಿಗೆಗೆ ಹಚ್ಚಿದರು, ಮಗು ವಾಂತಿ ಮಾಡಿತು. ಗಿಳಿ ಕಚ್ಚಿದ ಸೀಬೆಹಣ್ಣು ತಿಂದರೆ ಗಿಳಿಯ ಹಾಗೆ ಮಾತಾಡುತ್ತಾಳೆ ಎಂದು ಯಾರೋ ಹೇಳಿದರು. ಬೀದಿಯ ಹುಡುಗರೆಲ್ಲ ಸೀಬೆಹಣ್ಣು ತಂದು, ಇದು ಗಿಳಿ ಕಚ್ಚಿದ್ದು ಎಂದು ಹೇಳಿ ಬೆಲ್ಲ ಇಸಕೊಂಡು ಹೋದರು. ಆ ಹಣ್ಣುಗಳ ಮೇಲೆ ಹುಡುಗರ ಹಲ್ಲಿನ ಗುರುತು ನನಗೆ ಚೆನ್ನಾಗಿ ಕಾಣುತ್ತಿತ್ತು. ಅತ್ತೆಗೆ ಕಾಣಲಿಲ್ಲ. ಗುಡಿಯ ಗಂಟೆ ತೊಳೆದ ನೀರು ಕುಡಿಸಿದರು. ಕೊನೆಗೆ ನಿಮ್ಮ ತಾತ ಅವಳನ್ನು ದೊಡ್ಡ ಊರಿನ ಡಾಕ್ಟರೊಬ್ಬರ ಬಳಿಗೆ ಕರೆದೊಯ್ದರು. ಇಂಗ್ಲಿಷ್ ಓದಿದವರು ಬೇರೆ ಕಡೆ ನೋಡುತ್ತಾರೇನೋ ಎಂದು ನಾನು ಕಾದೆ. ಅವರೂ "ಆ ಅನ್ನು ಮರೀ" ಎಂದು ಬಾಯಿಗೇ ಟಾರ್ಚು ಹಿಡಿದರು.

ಕಿವಿಯನ್ನು ಯಾರೂ ನೋಡಲಿಲ್ಲವೇ ಎಂದು ನೀವು ಕೇಳಬಹುದು. ಅದಕ್ಕೂ ಒಂದು ಪರೀಕ್ಷೆ ನಡೆದಿತ್ತು. ಅತ್ತೆಯೇ ನಡೆಸಿದ್ದು. ಮಗುವನ್ನು ಅಟ್ಟದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂರಿಸಿ, ಹಿಂದಿನಿಂದ ಪೂಜೆಯ ಜಾಗಟೆ ಹಿಡಿದು ದಡದಡನೆ ನಡೆದು ಬಂದು ಒಂದೇ ಪೆಟ್ಟು ಬಾರಿಸಿದರು. ಮಗು ಥಟ್ಟನೆ ತಿರುಗಿತು. ನೋಡಲು ಸೇರಿದ್ದ ನೆಂಟರೆಲ್ಲ ನಿಟ್ಟುಸಿರು ಬಿಟ್ಟರು.

"ನೋಡ್ದ್ಯಾ? ಕಿವಿ ಚೆಂದಾಗೈತೆ ಕಣ್ಲಾ! ನಾಲ್ಗೆ ಮಂದ ಅಷ್ಟೇಯ" ಎಂದು ಅತ್ತೆ ಮಗನಿಗೆ ಹೇಳಿದರು. ಅತ್ತೆಯವರದು ಭಾರಿ ಶರೀರ. ಅವರು ನಡೆದರೆ ಅಟ್ಟದ ಹಲಗೆ ಕುಣಿಯುತ್ತಿತ್ತು, ಕೆಳಗೆ ಮಂಡಿಯಲ್ಲಿ ಕೂತವರ ತಲೆಯ ಮೇಲೆ ಧೂಳು ಉದುರುತ್ತಿತ್ತು. ಹಲಗೆ ಕುಣಿದರೆ ಕಲ್ಲೂ ತಿರುಗಿ ನೋಡೀತು ಎಂದು ಆ ಗುಂಪಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಆಗ ನನಗೂ ಹೊಳೆದಿರಲಿಲ್ಲ.

ಹೊಳೆದದ್ದು ಅಂಗಳದಲ್ಲಿ. ಒಂದು ದಿನ ಬಚ್ಚಲ ಕಟ್ಟೆಯ ಮೇಲಿಂದ ಹಿತ್ತಾಳೆಯ ಕೊಳಗ ಉರುಳಿ ಕಲ್ಲುಚಪ್ಪಡಿಯ ಮೇಲೆ ಬಿತ್ತು. ಆ ಸದ್ದಿಗೆ ಎದುರು ಮನೆಯ ಕರು ಹಗ್ಗ ಕಿತ್ತುಕೊಂಡು ಓಡಿತು. ಮಗು ಮಾತ್ರ ಕೊಳಗ ಬಿದ್ದ ಜಾಗಕ್ಕೆ ಬೆನ್ನು ಹಾಕಿ ಹುಣಸೆ ಬೀಜ ಜೋಡಿಸುತ್ತಾ ಕೂತಿತ್ತು. ಒಂದು ಬೀಜವನ್ನೂ ಅಲುಗಿಸಲಿಲ್ಲ. ನಾನು ಅಲ್ಲೇ ನಿಂತು ಅವಳ ಹೆಸರು ಹಿಡಿದು ಕೂಗಿದೆ. ನನ್ನ ಜೀವಮಾನದಲ್ಲಿ ಅಷ್ಟು ಗಟ್ಟಿಯಾಗಿ ಕೂಗಿದ್ದಿಲ್ಲ. ಅತ್ತೆ ಓಡಿ ಬಂದರು, ಮಂಡಿಯಿಂದ ಹಮಾಲಿ ಓಡಿ ಬಂದ. ಮಗು ತಿರುಗಲಿಲ್ಲ. ಆಮೇಲೆ ಅವಳನ್ನು ಅಟ್ಟಕ್ಕೆ ಕರೆದೊಯ್ದು, ಬಾಯಿ ಮುಚ್ಚಿಕೊಂಡು, ಹಿಂದಿನಿಂದ ಒಂದು ಸಲ ಕಾಲು ಬಡಿದೆ. ತಿರುಗಿ ನನ್ನನ್ನು ನೋಡಿ ನಕ್ಕಳು.

ರಾತ್ರಿ ಊಟಕ್ಕೆ ಬಂದ ನಿಮ್ಮ ತಾತನಿಗೆ ಹೇಳಿದೆ. ಅವರು ಮುದ್ದೆ ಮುರಿಯುತ್ತಾ, "ಅಮ್ಮನ ಮುಂದೆ ಹೇಳ್ಬ್ಯಾಡ. ಜಾಗಟೆ ಹೊಡ್ದು ಊರಿಗೆಲ್ಲ ಸಾರವ್ಳೆ. ಈಗ ಇಲ್ಲ ಅಂದ್ರೆ ಮನೆ ಉಳಿಯಾಕಿಲ್ಲ" ಎಂದರು. ನಿಮ್ಮ ತಾತ ಒಳ್ಳೆಯವರು. ಆದರೆ ಅವರ ಒಳ್ಳೆಯತನ ಹೆಚ್ಚಾಗಿ ಮಂಡಿಯಲ್ಲಿ ಖರ್ಚಾಗಿ, ಮನೆಗೆ ಬರುವಷ್ಟರಲ್ಲಿ ತೀರಿಹೋಗುತ್ತಿತ್ತು.

ಅಷ್ಟರಲ್ಲಿ ಊರಿಗೆ ಮಹಿಳಾ ಸಮಾಜದ ಅಧ್ಯಕ್ಷರು ಬಂದರು. ತಾಲ್ಲೂಕಿಗೆ ವರ್ಗವಾಗಿ ಬಂದ ದೊಡ್ಡ ಅಧಿಕಾರಿಯೊಬ್ಬರ ಹೆಂಡತಿ. ಅವರಿಗಿಂತ ಮೊದಲು ಸಮಾಜವೆಂದರೆ ಭಜನೆ ಮತ್ತು ಕಸೂತಿ ಇತ್ತು. ಅವರು ಬಂದ ಮೇಲೆ ಪೇಟೆಯ ಹಳೆಯ ಛತ್ರದಲ್ಲಿ ಶಿಶುವಿಹಾರ ತೆರೆದರು. ಪುಟ್ಟ ಮಕ್ಕಳಿಗೆ ಹಾಡು, ಆಟ, ಉಪ್ಪಿಟ್ಟು. ಬೆಂಗಳೂರಿನಲ್ಲಿ ಎಲ್ಲೋ ನೋಡಿಬಂದಿದ್ದರಂತೆ, ಮರುವರ್ಷ ಅದಕ್ಕೊಂದು ವಿಶೇಷ ತರಗತಿಯನ್ನೂ ಸೇರಿಸಿದರು. ಕಾಲು ಬಾರದ, ಕಣ್ಣು ಕಾಣದ, ಬುದ್ಧಿ ಸಾಲದ, ಮಾತು ಬಾರದ ಮಕ್ಕಳಿಗೆಂದು. ನಿಮ್ಮ ಅತ್ತೆಯನ್ನೂ ಅಲ್ಲಿಗೇ ಸೇರಿಸಿದೆವು.

ಉಳಿದ ಮಕ್ಕಳ ತರಗತಿ ಬೀದಿಗೆ ಕಾಣುವ ಮುಂದಿನ ಹಜಾರದಲ್ಲಿತ್ತು. ವಿಶೇಷ ಮಕ್ಕಳನ್ನು ಹಿಂದಿನ ಮಹಡಿಗೆ ಹಾಕಿದರು, ಯಾರ ಕಣ್ಣಿಗೂ ಬೀಳಬಾರದೆಂದು. ಅದಕ್ಕೆ ಅವರು ಕೊಟ್ಟ ಕಾರಣ ಗಾಳಿ ಬೆಳಕು. ನಡೆಯಲಾರದ ಒಂದು ಮಗುವನ್ನು ಅದರ ತಾಯಿ ಪ್ರತಿದಿನ ಹೊತ್ತುಕೊಂಡು ಕಡಿದಾದ ಆ ಮರದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು. ಗಾಳಿ ಬೆಳಕಿನ ಬಗ್ಗೆ ಅಷ್ಟು ಯೋಚಿಸಿದವರಿಗೆ ಮೆಟ್ಟಿಲು ಕಂಡಿರಲಿಲ್ಲ. ಮಹಡಿಯ ನೆಲ ಹಲಗೆಯದು. ಅದನ್ನು ಕಂಡ ಮೊದಲ ದಿನವೇ ಇಲ್ಲಿ ಏನು ನಡೆಯಲಿದೆ ಎಂದು ನನಗೆ ಗೊತ್ತಾಯಿತು.

ಟೀಚರಮ್ಮ ತರಬೇತಿ ಪಡೆದು ಬಂದವರು. ಕೈಗಡಿಯಾರ ಕಟ್ಟಿ, ಹಿಮ್ಮಡಿ ಎತ್ತರದ ಚಪ್ಪಲಿ ಹಾಕಿ ಟಕಟಕ ನಡೆಯುತ್ತಿದ್ದರು. ಅವರ ಪಾಠವೆಂದರೆ ಗಂಟೆ. ಮಗುವನ್ನು ಬೆನ್ನು ತಿರುಗಿಸಿ ಕೂರಿಸಿ, ಟಕಟಕನೆ ಹತ್ತಿರ ಬಂದು ಕೈಗಂಟೆ ಬಾರಿಸುವುದು. ಅವಳು ತಿರುಗಿದರೆ ಒಂದು ಪೆಪ್ಪರಮೆಂಟು. ನಮ್ಮ ಮನೆಯ ಜಾಗಟೆಯ ಪರೀಕ್ಷೆಯೇ ಇಲ್ಲಿ ಟ್ರೈನಿಂಗ್ ಮುಗಿಸಿ ಬಂದು ಕೂತಿತ್ತು. ಮಗು ಜಾಣೆ. ಚಪ್ಪಲಿಯ ಪೆಟ್ಟು ಹಲಗೆಯಲ್ಲಿ ಹರಿದು ತನ್ನ ತೊಡೆಗೆ ತಾಗಿದ ಕೂಡಲೇ, ಗಂಟೆ ಮೇಲೇಳುವ ಮೊದಲೇ ತಿರುಗಿ ಕೈ ಚಾಚುತ್ತಿದ್ದಳು.

"ಪ್ರೋಗ್ರೆಸ್ ಅಂದ್ರೆ ಇದು ನೋಡಿ! ಬೆಲ್ಲು ಹೊಡೆಯೋಕ್ ಮುಂಚೇನೇ ಕೇಳಿಸ್ಕೋತಾಳೆ" ಎಂದು ಟೀಚರಮ್ಮ ಅಧ್ಯಕ್ಷರಿಗೆ ಹೇಳಿದರು.

ಬಾರಿಸದ ಗಂಟೆಯನ್ನು ಕೇಳಿಸಿಕೊಳ್ಳುವ ಮಗು ಲೋಕದಲ್ಲಿ ಎಲ್ಲಿಯಾದರೂ ಇದ್ದೀತೇ ಎಂದು ಅಧ್ಯಕ್ಷರು ಕೇಳಬಹುದಿತ್ತು. ಅವರು ಕನ್ನಡಕ ಸರಿಮಾಡಿಕೊಂಡು "ವಂಡರ್‌ಫುಲ್" ಎಂದರು.

ನಾನು ಒಂದು ಸಲ ಧೈರ್ಯ ಮಾಡಿದೆ. ಎಲ್ಲ ತಾಯಂದಿರೂ ಇಳಿದುಹೋಗಲಿ ಎಂದು ಕಾದು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು, "ಟೀಚರಮ್ಮ, ನೀವು ಚಪ್ಲಿ ಬಿಟ್ಟು ಬಂದು ಒಂದ್ಸಲ ಬಾರ್ಸಿ ನೋಡ್ತೀರಾ?" ಎಂದೆ.

"ಯಾಕಮ್ಮಾ?"

"ಅವಳಿಗೆ ಗಂಟೆ ಕೇಳಾಕಿಲ್ಲ. ಹಲಗೆ ಅದುರೋದು ತಿಳಿತದೆ."

ಅವರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ನೀವು ಎಷ್ಟನೇ ಕ್ಲಾಸ್ ಓದಿದ್ದೀರಾ?"

"ನಾಕು."

"ಹಾಗಾದ್ರೆ ಇದನ್ನ ನಮಗೆ ಬಿಟ್ಬಿಡಿ."

ಬಿಟ್ಟೆ. ಆದರೂ ಮಗುವನ್ನು ಕಳಿಸುತ್ತಲೇ ಇದ್ದೆ. ಅದಕ್ಕೆ ಕಾರಣವಿತ್ತು. ಪೇಟೆಯ ಸರ್ಕಾರಿ ಶಾಲೆಯ ಹೆಡ್‌ಮಾಸ್ತರರು ನಿಮ್ಮ ತಾತನಿಗೆ ಕಡ್ಡಿ ಮುರಿದ ಹಾಗೆ ಹೇಳಿದ್ದರು: "ನೋಡಿ, ನನ್ನ ಸ್ಕೂಲು ನಡೆಯೋದೇ ಬೆಲ್ಲಿನ ಮೇಲೆ. ಬೆಲ್ಲು ಕೇಳೋ ಹಾಗಾಗ್ಲಿ, ಒಂದನೇ ಕ್ಲಾಸಿಗೆ ಸೇರಿಸ್ಕೋತೀನಿ. ಇಲ್ದಿದ್ರೆ ಮನೇಲೇ ಇಟ್ಕೊಳ್ಳಿ." ಮನೆಯಲ್ಲಿ ಇಟ್ಟುಕೊಂಡರೆ ಏನು ಮಾಡಬೇಕೆಂದು ಅತ್ತೆ ಆಗಲೇ ತೀರ್ಮಾನಿಸಿದ್ದರು. ಪುರವರದ ಕಡೆ ತೋಟದಲ್ಲಿದ್ದ ಅವರ ತಂಗಿಯ ಮನೆಗೆ ಕಳಿಸುವುದು, ಎಮ್ಮೆ ನೋಡಿಕೊಂಡು ಇರಲಿ ಎಂದು. "ಎಮ್ಮೆಗೇನು ಮಾತು ಬ್ಯಾಡ ಬುಡು" ಎಂದಿದ್ದರು. ಹೀಗೆ ಆ ಮಗುವಿಗೆ ಇದ್ದದ್ದು ಎರಡೇ ದಾರಿ, ಶಾಲೆ ಇಲ್ಲವೇ ಎಮ್ಮೆಯ ಕೊಟ್ಟಿಗೆ. ನಡುವೆ ಒಂದು ಗಂಟೆ ತೂಗುತ್ತಿತ್ತು.

ಇತ್ತ ಮಹಡಿಯಲ್ಲಿ ಗಂಟೆಯ ಪಾಠ ನಡೆಯುತ್ತಿದ್ದಾಗಲೇ, ಅತ್ತ ನಮ್ಮ ಮಂಡಿಯ ಜಗಲಿಯಲ್ಲಿ ಬೇರೊಂದು ಪಾಠ ನಡೆಯುತ್ತಿತ್ತು. ಅದನ್ನು ಯಾರೂ ಕಲಿಸುತ್ತಿರಲಿಲ್ಲ.

ನಮ್ಮ ಮಂಡಿಗೆ ನಾಲ್ಕು ಕಡೆಯಿಂದ ಗಾಡಿ ಬರುತ್ತಿತ್ತು. ಖಾಲಿ ಚೀಲಗಳನ್ನು ಮತ್ತೆ ಅದೇ ಕಡೆಗೆ ಹಿಂದಿರುಗಿಸಬೇಕು. ಒಬ್ಬರ ಚೀಲ ಇನ್ನೊಬ್ಬರಿಗೆ ಹೋದರೆ ಜಗಳ. ಅದಕ್ಕೆ ಪ್ರತಿ ಚೀಲದ ಮೇಲೂ ಕಪ್ಪು ಮಸಿಯಲ್ಲಿ ಅಂಗೈಯಗಲದ ಗುರುತು ಹಾಕುತ್ತಿದ್ದರು. ಮಧುಗಿರಿಯ ಸುತ್ತಲಿನ ಹಳ್ಳಿಗಳಿಗೆ ಮ, ಸಿರಾಕ್ಕೆ ಸಿ, ಕೊರಟಗೆರೆಗೆ ಕೊ, ಪಾವಗಡಕ್ಕೆ ಪಾ. ಮಸಿ ಹಾಕುತ್ತಿದ್ದವರು ಸಿರಾದಿಂದ ಬಂದು ನಮ್ಮ ಜಗಲಿಯಲ್ಲೇ ಕೂತು ಹರಿದ ಚೀಲ ಹೊಲಿಯುತ್ತಿದ್ದ ಒಬ್ಬ ಸಾಹೇಬರು. ನಿಮ್ಮ ಅತ್ತೆ ಸದಾ ಅವರ ಪಕ್ಕ. ಅವರ ಮಸಿ ಡಬ್ಬಿಗೆ ಬೆರಳು ಅದ್ದುವುದು, ಅವರ ಬಿಳಿ ಜುಬ್ಬಕ್ಕೆ ಒರೆಸುವುದು.

"ಅರೇ ಬೇಟಿ, ಚೀಲಕ್ಕೆ ಹಾಕೋ ಗುರ್ತು ನಂಗೆ ಹಾಕ್ತೀಯಲ್ಲಾ! ನನ್ನನ್ನೂ ಗಾಡೀಲಿ ಹೇರಿ ಪಾವಗಡಕ್ಕೆ ಕಳಿಸ್ಬೇಕು ಅಂತಾನಾ?" ಎಂದು ಅವರು ಬೈಯುತ್ತಲೇ ನಗುತ್ತಿದ್ದರು.

ಒಂದು ಮಧ್ಯಾಹ್ನ ಹಮಾಲಿ ಕೊರಟಗೆರೆಯ ರಾಶಿಗೆ ಪಾವಗಡದ ಚೀಲವೊಂದನ್ನು ಎಸೆದ. ಮಗು ಹೋಗಿ ಅದನ್ನು ಎಳೆಯತೊಡಗಿದಳು. ಅವನು ಗದರಿಸಿ ಮತ್ತೆ ಅಲ್ಲೇ ಹಾಕಿದ. ಅವಳು ನೆಲಕ್ಕೆ ಬಿದ್ದು ಹೊರಳಾಡಿ ಅತ್ತಳು. "ಏನಾಗೈತೆ ಈ ಮೂಗಿಗೆ?" ಎಂದು ಅತ್ತೆ ಎತ್ತಿ ಎರಡು ಏಟು ಕೊಟ್ಟರು. ನಾನು ಬಾಗಿಲ ಸಂದಿನಿಂದ ಚೀಲದ ಗುರುತು ನೋಡಿದೆ.

ಆಮೇಲೆ ಗಮನವಿಟ್ಟು ನೋಡಿದರೆ, ಅಂಗಳದಲ್ಲಿ ಅವಳು ಜೋಡಿಸುತ್ತಿದ್ದ ಹುಣಸೆ ಬೀಜಗಳು ಸುಮ್ಮನೆ ಜೋಡಿಸಿದ್ದಲ್ಲ. ಆ ನಾಲ್ಕು ಗುರುತುಗಳೇ. ಕಡಲೆಕಾಯಿ ಕಾಲದಲ್ಲಿ ಪಾವಗಡದಿಂದ ಒಬ್ಬ ಗಾಡಿಯವನು ಬರುತ್ತಿದ್ದ. ಅವನ ಮಾತು ಅರ್ಧ ತೆಲುಗು. "ಏಮಮ್ಮಾ ಪಾಪಾ, ನನ್ನೇ ಕಾಯ್ತಿದ್ದೀಯಾ?" ಎಂದು ಚೀಲದ ಸಂದಿಯಿಂದ ಅವಳಿಗೊಂದು ಸೀತಾಫಲ ತೆಗೆದು ಕೊಡುತ್ತಿದ್ದ. ಒಂದು ಬೆಳಿಗ್ಗೆ ಅವಳು ನನ್ನ ಸೆರಗು ಹಿಡಿದೆಳೆದು ಅಂಗಳಕ್ಕೆ ತಂದು ನಿಲ್ಲಿಸಿದಳು. ಚಪ್ಪಡಿಯ ಮೇಲೆ ಬೀಜದಲ್ಲಿ ಪಾ ಎಂದು ಬರೆದಿತ್ತು. ಅದನ್ನು ತೋರಿಸಿ, ಬೀದಿಯ ಕಡೆ ತೋರಿಸಿ, ಎರಡೂ ಅಂಗೈ ಮೇಲೆ ಮಾಡಿ ನನ್ನ ಮುಖ ನೋಡಿದಳು. ಪಾವಗಡದವನು ಇವತ್ತು ಬರುತ್ತಾನೋ ಇಲ್ಲವೋ?

ಬಜೆ ತೇಯ್ದವರು, ಟಾರ್ಚು ಬಿಟ್ಟವರು, ಗಂಟೆ ಬಾರಿಸಿದವರು ಎಲ್ಲರೂ ಕಾಯುತ್ತಿದ್ದ ಮಾತು ಅದು. ಅವಳು ಆಡಿಬಿಟ್ಟಿದ್ದಳು. ಬಾಯಿಂದ ಬರಲಿಲ್ಲವಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಶಿಶುವಿಹಾರದ ವಾರ್ಷಿಕೋತ್ಸವ ಬಂತು. ಜಿಲ್ಲೆಯಿಂದ ದೊಡ್ಡ ಅತಿಥಿ ಬರುತ್ತಾರೆಂದು ಛತ್ರಕ್ಕೆ ಸುಣ್ಣ ಬಳಿಸಿದರು. ಮಹಡಿಯ ಮಕ್ಕಳಲ್ಲಿ ಕೆಳಗೆ ಇಳಿಯುವ ಭಾಗ್ಯ ಸಿಕ್ಕಿದ್ದು ನಿಮ್ಮ ಅತ್ತೆ ಒಬ್ಬಳಿಗೆ. ಉಳಿದವರು ಅಂದು ಬರುವುದು ಬೇಡ ಎಂದು ಹೇಳಿ ಕಳಿಸಿದ್ದರು. ಜೊಲ್ಲು ಸುರಿಸುವ ಮಗುವನ್ನು ಅತಿಥಿಗಳ ಮುಂದೆ ಕೂರಿಸಲಾಗುತ್ತದೆಯೇ? ಸೇವೆ ಯಾರಿಗಾಗಿ ನಡೆಯುತ್ತಿತ್ತೋ ಅವರನ್ನೇ ಮನೆಯಲ್ಲಿ ಬಿಟ್ಟು ಸೇವೆಯ ಉತ್ಸವ ನಡೆಯಿತು.

ಸಭೆ ಛತ್ರದ ಅಂಗಳದಲ್ಲಿ, ಶಾಮಿಯಾನದ ಕೆಳಗೆ. ನೆಲ ಕಲ್ಲುಚಪ್ಪಡಿ. ಅದನ್ನು ನೋಡಿದ ಕೂಡಲೇ ಇಲ್ಲಿ ಮಗು ತಿರುಗುವುದಿಲ್ಲ ಎಂದು ನನಗೆ ಗೊತ್ತಾಯಿತು. ಮೊದಲ ಸಾಲಿನಲ್ಲಿ ಅತಿಥಿಗಳು. ಅವರ ಹಿಂದೆ ಹೆಡ್‌ಮಾಸ್ತರರು, ಕೋಟಿನ ಗುಂಡಿ ಕತ್ತಿನವರೆಗೆ ಹಾಕಿಕೊಂಡು. ಹೆಂಗಸರ ಕಡೆ ಅತ್ತೆ, ಅವರ ಬೆನ್ನ ಹಿಂದೆ ಅಡಗಿದಂತೆ ನಾನು.

ಅಧ್ಯಕ್ಷರು ಭಾಷಣ ಮಾಡಿದರು. "ಮೂಕಿಯೂ ಕಿವುಡಿಯೂ ಆಗಿ ನಮ್ಮ ಬಾಗಿಲಿಗೆ ಬಂದ ಈ ಕಂದಮ್ಮನಿಗೆ ಸಮಾಜವು ಶ್ರವಣಶಕ್ತಿಯನ್ನು ಕರುಣಿಸಿದೆ" ಎಂದರು. ಅತ್ತೆ ನನ್ನ ಕಡೆ ತಿರುಗಿ, "ಕಿವುಡಿ ಅಂತಾಳಲ್ಲೇ ಇವ್ಳು! ಕಿವಿ ಸರಿಗೈತೆ ಅಂತ ನಾನು ಯಾವತ್ತೋ ಜಾಗಟೆ ಹೊಡ್ದು ತೋರ್ಸಿವ್ನಿ" ಎಂದು ಗೊಣಗಿದರು. ಅವರಿಬ್ಬರೂ ತಪ್ಪು. ಆದರೂ ಒಬ್ಬರಿಗೊಬ್ಬರು ಒಪ್ಪುವವರಲ್ಲ.

ಮಗುವಿಗೆ ರಿಬ್ಬನ್ ಕಟ್ಟಿ ಕುರ್ಚಿಯ ಮೇಲೆ ಜನರ ಕಡೆ ಮುಖ ಮಾಡಿ ಕೂರಿಸಿದರು. ಟೀಚರಮ್ಮ ಹಿಂದಿನಿಂದ ಟಕಟಕನೆ ಬಂದು ಗಂಟೆ ಬಾರಿಸಿದರು. ಕಲ್ಲು ಏನನ್ನೂ ಹೇಳಲಿಲ್ಲ. ಮಗು ಅತಿಥಿಗಳ ಮೀಸೆ ನೋಡುತ್ತಾ ಕೂತಿತ್ತು. ಮತ್ತೆ ಬಾರಿಸಿದರು. ಅಧ್ಯಕ್ಷರ ಮುಖ ಬೆವರಿತು. "ಜೋರಾಗಿ, ಜೋರಾಗಿ" ಎಂದು ಹಲ್ಲು ಕಚ್ಚಿಕೊಂಡು ಹೇಳಿದರು. ಟೀಚರಮ್ಮ ರೋಷದಿಂದ ಕೈ ಮೇಲೆತ್ತಿ ಬಾರಿಸಿದ ರಭಸಕ್ಕೆ ಛತ್ರದ ಗೋಪುರದಲ್ಲಿದ್ದ ಪಾರಿವಾಳಗಳೆಲ್ಲ ಒಮ್ಮೆಗೇ ಎದ್ದು ಹಾರಿದವು. ಶಾಮಿಯಾನದ ಅಂಚಿನ ಆಚೆ ಬಿಸಿಲಿನಲ್ಲಿ ಅವುಗಳ ನೆರಳು ಓಡಿತು. ಮಗು ನೆರಳು ನೋಡಿತು, ಹಿಂದಕ್ಕೆ ತಿರುಗಿ ಆಕಾಶ ನೋಡಿತು.

ಚಪ್ಪಾಳೆಯೋ ಚಪ್ಪಾಳೆ. ಅಧ್ಯಕ್ಷರು ಕಣ್ಣು ಒರೆಸಿಕೊಂಡರು. ಅತಿಥಿಗಳು ತಲೆದೂಗಿದರು. ಹೆಡ್‌ಮಾಸ್ತರರು ಎದ್ದು, "ಸೋಮವಾರದಿಂದ ಕಳಿಸಿ, ನಮ್ಮದೇನೂ ಅಭ್ಯಂತರವಿಲ್ಲ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ನಮಗೆ ಬೇಕಾದದ್ದು ಸಿಕ್ಕಿತ್ತು. ಸುಮ್ಮನೆ ಕೂರಬಹುದಿತ್ತು. ಸುಮ್ಮನೆ ಕೂರುವುದರಲ್ಲಿ ನನಗಿಂತ ಪಳಗಿದವರು ಆ ಸಭೆಯಲ್ಲಿ ಇರಲಿಲ್ಲ. ಆದರೆ ಆ ಶಾಲೆಯ ಬೆತ್ತ ನನಗೆ ಗೊತ್ತಿತ್ತು, ಬೀದಿಯ ಮಕ್ಕಳ ಅಂಗೈ ಮೇಲೆ ನೋಡಿದ್ದೆ. ಕಿವುಡು ಮಗು ಎಂದರೆ ಅಯ್ಯೋ ಪಾಪ ಎನ್ನುತ್ತಾರೆ. ಕಿವಿ ಕೇಳಿಯೂ ಕರೆದರೆ ಬಾರದ, ಹೇಳಿದ್ದು ಮಾಡದ ಮಗುವನ್ನು ಏನನ್ನುತ್ತಾರೆ? ಮೊಂಡು, ಹಟಮಾರಿ. ಬೆತ್ತ ಇರುವುದೇ ಅವರಿಗಾಗಿ. ಪಾರಿವಾಳಗಳು ಕೊಟ್ಟ ಕಿವಿಯನ್ನು ಹೊತ್ತುಕೊಂಡು ನನ್ನ ಮಗು ದಿನಾ ಏಟು ತಿನ್ನಬೇಕಾಗಿತ್ತು.

ನಾನು ಹೇಗೆ ಎದ್ದು ನಿಂತೆನೋ ನೆನಪಿಲ್ಲ. ಅತ್ತೆ ನನ್ನ ಸೀರೆ ಹಿಡಿದೆಳೆದದ್ದು ನೆನಪಿದೆ.

"ಅವಳಿಗೆ ಕೇಳಲಿಲ್ಲ. ಪಾರಿವಾಳ ನೋಡಿದ್ಲು" ಎಂದೆ.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ. ಹೆಂಗಸರ ಕಡೆ ಕಿಸಕಿಸ ನಗು. "ಅಯ್ಯೋ, ಇವ್ರಿಗೂ ಬಾಯಿ ಬಂತಲ್ಲೇ! ಸಮಾಜದೋರು ತಾಯ್ಗೂ ಟ್ರೈನಿಂಗ್ ಕೊಟ್ಬುಟ್ರಾ?" ಎಂದು ಯಾರೋ ಅಂದರು. ಅಧ್ಯಕ್ಷರು ಸಿಹಿಯಾಗಿ, "ನೋಡಿ, ಹೆತ್ತ ತಾಯಿಗೇ ನಂಬೋಕಾಗ್ತಿಲ್ಲ. ಅಷ್ಟು ದೊಡ್ಡ ಇಂಪ್ರೂವ್‌ಮೆಂಟ್ ಇದು" ಎಂದರು. ಮತ್ತೆ ಚಪ್ಪಾಳೆ. ಓದಿದವರ ದಡ್ಡತನವನ್ನು ಅಲುಗಿಸುವುದು ಬಹಳ ಕಷ್ಟ, ಮಕ್ಕಳೇ. ಅದರ ಎದುರು ನೀವು ಎಸೆದದ್ದನ್ನೇ ಎತ್ತಿಕೊಂಡು ಹಾರ ಮಾಡಿ ಹಾಕಿಕೊಳ್ಳುತ್ತದೆ.

ನಾನು ಮುಂದೆ ಹೋಗಿ ಮಗುವನ್ನು ಕುರ್ಚಿಯಿಂದ ಇಳಿಸಿದೆ. ಅವಳು ಎಲ್ಲಿಗೆ ಹೋದರೂ ಹುಣಸೆ ಬೀಜದ ಚೀಲ ಅವಳ ಲಂಗದ ನಡುವಿಗೆ ಕಟ್ಟಿರುತ್ತಿತ್ತು. ಅದನ್ನು ಬಿಚ್ಚಿ ಹೆಡ್‌ಮಾಸ್ತರರ ಕಾಲ ಬಳಿ ಸುರಿದೆ. ಅವಳಿಗೆ ಅಷ್ಟೇ ಸಾಕಾಗಿತ್ತು. ಕುಕ್ಕರುಗಾಲಲ್ಲಿ ಕೂತು ಜೋಡಿಸತೊಡಗಿದಳು.

ಅಷ್ಟು ಹೊತ್ತಿಗೆ ಸಭೆ ಮುಂದಕ್ಕೆ ಹೋಗಿತ್ತು. ಅತಿಥಿಗಳಿಗೆ ಬಾದಾಮಿ ಹಾಲು ಬಂದಿತ್ತು. ಮುಂದಿನ ಹಜಾರದ ಮಕ್ಕಳು ಕೋಲಾಟಕ್ಕೆ ಸಾಲು ನಿಂತಿದ್ದರು. ಅಧ್ಯಕ್ಷರು ಒಮ್ಮೆ ಬಗ್ಗಿ ನೋಡಿ, "ಆಟ ಆಡ್ಕೊಳ್ಳಿ ಬಿಡಿ, ಪಾಪ" ಎಂದು ಹೋದರು. ಟೀಚರಮ್ಮ ನೋಡಲೇ ಇಲ್ಲ. ಎರಡು ವರ್ಷ ಅವಳಿಗೆ ಪಾಠ ಹೇಳಿದವರು! ನೋಡಿದವರು ಹೆಡ್‌ಮಾಸ್ತರರು ಒಬ್ಬರೇ. ಅದೂ ಕುತೂಹಲದಿಂದಲ್ಲ, ಬೀಜ ಅವರ ಬೂಟಿನ ಕೆಳಗೆ ಸೇರಿಕೊಂಡು ಮಗು ಅವರ ಕಾಲನ್ನು ಎತ್ತುತ್ತಿದ್ದುದರಿಂದ.

"ಮ... ಸಿ... ಕೊ... ಪಾ" ಎಂದು ಓದಿದರು. "ಏನಮ್ಮ ಇದು?"

"ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ. ಚೀಲ ನೋಡಿ ಕಲ್ತಿದ್ದಾಳೆ. ಯಾರ ಚೀಲ ಯಾವುದು ಅಂತ ಬೇರೆ ಮಾಡ್ತಾಳೆ. ಕಿವಿ ಮಾತ್ರ ಕೇಳೋದಿಲ್ಲ ಸಾರ್. ಕೇಳಲ್ಲ ಅಂತ ಗೊತ್ತಿದ್ದೇ ಸೇರಿಸ್ಕೊಳ್ಳಿ. ಬರಿಯೋದು ಕಲೀತಾಳೆ."

ಒಬ್ಬ ಗಂಡಸಿನ ಮುಂದೆ ನಾನು ಅಷ್ಟು ಮಾತು ಆಡಿದ್ದು ಅದೇ ಮೊದಲು. ಹೆಡ್‌ಮಾಸ್ತರರು ಮೂಗಿನ ತುದಿಯ ಕನ್ನಡಕದ ಮೇಲಿಂದ ನನ್ನನ್ನೂ ಬೀಜಗಳನ್ನೂ ನೋಡಿದರು. ಅವರ ಮನಸ್ಸು ಕರಗಿತು ಎಂದು ಬರೆಯುವ ಆಸೆ ನನಗೂ ಇದೆ. ಆದರೆ ಅವರು ಕೇಳಿದ್ದು ಹೀಗೆ:

"ಗಲಾಟೆ ಮಾಡ್ತಾಳಾ?"

"ಇಲ್ಲ ಸಾರ್."

"ಮಾತೇ ಬರಲ್ಲ ಅಂದ್ಮೇಲೆ ಗಲಾಟೆ ಎಲ್ಲಿಂದ ಬರುತ್ತೆ. ನನ್ನ ಒಂದನೇ ಕ್ಲಾಸು ಸಂತೆ ಆಗ್ಹೋಗಿದೆ. ಒಂದಾದ್ರೂ ಸುಮ್ನೆ ಕೂರೋ ಮಗು ಇರ್ಲಿ. ಕಳಿಸಿ."

ಅಂಥ ಕಾರಣಕ್ಕೆ ನಿಮ್ಮ ಅತ್ತೆ ಶಾಲೆಗೆ ಸೇರಿದಳು. ಗಂಟೆ ಕೇಳಿಸಿತೆಂದಲ್ಲ, ಅಕ್ಷರ ಬಂತೆಂದೂ ಅಲ್ಲ. ಪುರವರದ ಎಮ್ಮೆಗಳಿಗೆ ಬೇರೆ ಆಳು ನೋಡಿಕೊಂಡರು. ಅಧ್ಯಕ್ಷರಿಗೆ ಮರುವರ್ಷವೇ ಬೇರೆ ಊರಿಗೆ ವರ್ಗವಾಯಿತು, ಮಹಡಿಯ ತರಗತಿಗೆ ಬೀಗ ಬಿತ್ತು. ಕಾಲು ಬಾರದ ಮಗುವನ್ನು ಹೊತ್ತು ಹತ್ತುತ್ತಿದ್ದ ತಾಯಿಗೆ ಅದನ್ನು ಯಾರೂ ಹೇಳಿರಲಿಲ್ಲ. ಅವಳು ಮೆಟ್ಟಿಲು ಹತ್ತಿ ಬೀಗ ನೋಡಿ ಇಳಿದು ಬಂದಳಂತೆ.

ಶಾಲೆಯ ಮೊದಲ ದಿನ ನಾನು ಕಾಂಪೌಂಡಿನ ಹೊರಗೆ ಬೇಲಿಯ ಮರೆಯಲ್ಲಿ ನಿಂತಿದ್ದೆ. ಒಂದನೇ ತರಗತಿ ಜಗಲಿಯ ಮೇಲೆ. ನೆಲ ಗಾರೆ. ಎಲ್ಲ ಮಕ್ಕಳೂ ಮುಂದಕ್ಕೆ ನುಗ್ಗಿದರು. ಇವಳು ಜಗಲಿಯ ಉದ್ದಕ್ಕೂ ಒಂದೊಂದೇ ಕಡೆ ಕೂತು ಎದ್ದು, ಕೊನೆಗೆ ಮೂಲೆಯ ಮರದ ಕಂಬಕ್ಕೆ ಬೆನ್ನು ಕೊಟ್ಟು ಕೂತಳು. ಆ ಕಂಬದ ಮೇಲಿನ ತೊಲೆಗೇ ಶಾಲೆಯ ಬೆಲ್ಲು, ಅಂದರೆ ಒಂದು ತುಂಡು ರೈಲುಕಂಬಿ, ತೂಗುಹಾಕಿದ್ದರು. ಅವಳು ಅಲ್ಲಿ ಏಕೆ ಕೂತಳೆಂದು ಜವಾನ ಕಂಬಿಗೆ ಹೊಡೆಯುವವರೆಗೆ ನನಗೂ ತಿಳಿಯಲಿಲ್ಲ. ಹೊಡೆದ ಕೂಡಲೇ, ಮೇಷ್ಟ್ರು ಬಾಯಿ ಮುಚ್ಚುವ ಮೊದಲೇ, ಇಡೀ ತರಗತಿಗಿಂತ ಮೊದಲು ಎದ್ದು ನಿಂತವಳು ಅವಳು.

ಹೆಡ್‌ಮಾಸ್ತರರು ಬೇಲಿಯ ಬಳಿ ಬಂದರು. "ಏನಮ್ಮ, ಕೇಳಲ್ಲ ಅಂದ್ರಲ್ಲ! ಎಲ್ಲರಿಗಿಂತ ಮುಂಚೆ ಎದ್ದಳು. ಸಮಾಜದವರು ಹೇಳಿದ್ದೇ ನಿಜ. ನೀವು ಸುಮ್ನೆ ಮಗೂನ ಕಿವುಡಿ ಮಾಡೋಕ್ ಹೊರಟಿದ್ರಿ."

ಮತ್ತೆ ಅದೇ ಬೆತ್ತ ನನ್ನ ಕಣ್ಣೆದುರು ಬಂತು. ಎರಡನೆಯ ಸಲ ಮಾತಾಡುವುದು ಮೊದಲನೆಯ ಸಲದಷ್ಟು ಕಷ್ಟವಾಗುವುದಿಲ್ಲ. "ಸಾರ್, ಆ ಕಂಬಕ್ಕೆ ನೀವೇ ಕೈ ಇಟ್ಕೊಂಡು, ಇನ್ನೊಂದು ಸಲ ಹೊಡೆಸಿ" ಎಂದೆ.

"ನಾನಾ?"

"ಊಂ, ನೀವೇ."

ಮಕ್ಕಳೆಲ್ಲ ನೋಡುತ್ತಿದ್ದರು. ಅವರು ಸಿಡಿಮಿಡಿಗೊಂಡು ಹೋಗಿ ಕಂಬದ ಮೇಲೆ ಅಂಗೈ ಊರಿ ಜವಾನನಿಗೆ ಸನ್ನೆ ಮಾಡಿದರು. ಅವನು ಹೊಡೆದ. ಹೆಡ್‌ಮಾಸ್ತರರು ಚೇಳು ಕುಟುಕಿದಂತೆ ಕೈ ಹಿಂದಕ್ಕೆ ಎಳೆದುಕೊಂಡು, ತಮ್ಮ ಅಂಗೈಯನ್ನು ನೋಡಿಕೊಂಡರು. ಅಷ್ಟು ವರ್ಷ ಅದೇ ಕಂಬದ ಕೆಳಗೆ ಓಡಾಡಿದವರು. ಮತ್ತೆ ನಿಧಾನವಾಗಿ ಕೈ ಇಟ್ಟು, "ಹೊಡೀ" ಎಂದರು.

ಕಂಬಕ್ಕೆ ಬೆನ್ನು ಕೊಟ್ಟಿದ್ದ ನಿಮ್ಮ ಅತ್ತೆ ಅವರ ಮುಖವನ್ನೇ ನೋಡುತ್ತಿದ್ದಳು. ತನಗೆ ಬೆನ್ನಲ್ಲಿ ತಿಳಿಯುವುದು ಈ ದೊಡ್ಡ ಮನುಷ್ಯನಿಗೆ ಕೈಯಲ್ಲಿ ತಿಳಿಯಿತೆಂದು ಅವಳಿಗೆ ಅರ್ಥವಾಗಿಹೋಯಿತು. ನಕ್ಕುಬಿಟ್ಟಳು. ಅವಳ ನಗು ನಿಮಗೆ ಗೊತ್ತಲ್ಲ. ತಾನು ಎಷ್ಟು ಜೋರಾಗಿ ನಗುತ್ತೇನೆಂದು ಅವಳಿಗೆ ಇಂದಿಗೂ ತಿಳಿಯದು. ಜಗಲಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲ ಮಕ್ಕಳೂ ಅವಳ ಜೊತೆ ನಗತೊಡಗಿದರು, ಪಕ್ಕದ ತರಗತಿಯವರು ಎದ್ದು ಬಂದರು, ಸಂತೆ ನೆರೆಯಿತು.

ಹೆಡ್‌ಮಾಸ್ತರರು ಕಂಬದಿಂದ ಕೈ ತೆಗೆಯದೆಯೇ ನನ್ನ ಕಡೆ ತಿರುಗಿ ಕೂಗಿದರು: "ಗಲಾಟೆ ಮಾಡಲ್ಲ ಅಂದಿದ್ರಲ್ರೀ!"

"ಮಾಡ್ತಾಳೆ ಸಾರ್" ಎಂದು ನಾನೂ ಬೇಲಿಯ ಹೊರಗಿನಿಂದ ಕೂಗಿ ಹೇಳಿ, ಮನೆಯ ದಾರಿ ಹಿಡಿದೆ.